ಹಸಿರು ಗೇಟಿನ ಮನೆ

ಮದುವೆಯಾದಾಗಿನಿಂದ ಪ್ರತಿ ಕ್ರಿಸ್‌ಮಸ್‌ಗೂ ಅವರು ಸ್ಕೂಟರಿನಲ್ಲಿ ದೀಪಾಲಂಕಾರ ನೋಡಲು ಹೊರಡುತ್ತಿದ್ದರು. ದೊಡ್ಡ ಚರ್ಚು, ಅಂಗಡಿಬೀದಿ ಎಲ್ಲ ಮುಗಿದ ಮೇಲೆ, ಕೊನೆಗೆ ಚರ್ಚಿನ ಹಿಂದಿನ ಸಣ್ಣ ಗಲ್ಲಿ. ಅಲ್ಲಿ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಈ ವರ್ಷವೂ ಗಲ್ಲಿ ಬಂದ ಕೂಡಲೇ ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

‘ಸ್ವಲ್ಪ ನಿಧಾನ ಹೋಗ್ರೀ.’

ಗಂಡ ವೇಗ ಇಳಿಸಿದ. ಮುಂದೆ ನಿಂತಿದ್ದ ಮಗಳು ಮನೆಮನೆಯ ಮುಂದೆ ತೂಗುತ್ತಿದ್ದ ನಕ್ಷತ್ರಗಳನ್ನು ಬೆರಳು ಮಾಡಿ ಎಣಿಸುತ್ತ ಬಂದಳು. ಹಸಿರು ಗೇಟಿನ ಹತ್ತಿರ ಎಣಿಕೆ ನಿಂತಿತು.

‘ಅಪ್ಪ, ಈ ಮನೇಲಿ ಯಾಕೆ ನಕ್ಷತ್ರ ಇಲ್ಲ? ಹೋದ್ವರ್ಷ ಇತ್ತಲ್ಲ.’

‘ಊರಿಗೆ ಹೋಗಿರ್ಬೇಕು ಕಣೆ.’

‘ಊರಿಗೆ ಹೋದ್ರೂ ಹಾಕಿಟ್ಟೇ ಹೋಗ್ತಾರೆ,’ ಎಂದಳು ಹಿಂದೆ ಕುಳಿತವಳು. ‘ಮನೇಲಿ ಸಾವಾದ ವರ್ಷ ಮಾತ್ರ ಹಾಕಲ್ಲ.’

ಸ್ಕೂಟರು ನಿಂತಿತು. ಜಗಲಿಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಬಾಗಿಲು ಮುಚ್ಚಿತ್ತು.

‘ಯಾರು ಸತ್ತೋಗಿದ್ದಾರಮ್ಮ?’

‘ಗೊತ್ತಿಲ್ಲ ಪುಟ್ಟಿ,’ ಎಂದಳು ಅವಳು. ‘ನಿನ್ನ ತಾತಾನೋ, ಅಜ್ಜೀನೋ.’