ಬಲೆಯ ಮೇಲಿನ ಮರಳು

ಹಿತ್ತಲ ತೊಟ್ಟಿಯಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಮೀನಿನ ಮರಿಗಳು ಈಜುತ್ತಿದ್ದವು. ಹಿಂದೆ ಎರಡು ಸಲ ಬಿಟ್ಟ ಮರಿಗಳು ಸತ್ತಿದ್ದವು. ಈ ಸಲವೂ ಸತ್ತರೆ ತೊಟ್ಟಿ ಮುಚ್ಚುವುದೆಂದು ಮನೆಯಲ್ಲಿ ಮಾತಾಗಿತ್ತು. ಉಪ್ಪುನೀರು ಹೊತ್ತು ಹೊತ್ತು ಸೊಸೆ ಸೋತುಹೋಗಿದ್ದಳು.

"ಹುಳಕ್ಕೆ ಮಾಡುವ ಸೇವೆ ಮನುಷ್ಯರಿಗೂ ಒಂಚೂರು ಮಾಡು" ಎಂದು ಅತ್ತೆ ದಿನವೂ ಚುಚ್ಚುತ್ತಿದ್ದಳು.

ನಿನ್ನೆ ಸಂಜೆ ಮರಿಗಳು ಈಜು ಬಿಟ್ಟು, ತೊಟ್ಟಿಗೆ ಇಳಿಬಿಟ್ಟ ಬಲೆಗೆ ಮರಳಿನ ಕಣಗಳಂತೆ ಅಂಟಿ ಕೂತವು. ಇನ್ನು ಬೆಳೆಯುವುದೊಂದೇ ಬಾಕಿ. ನೆಮ್ಮದಿಯಿಂದ ಮಲಗಿದ ಸೊಸೆ ಎದ್ದಾಗ ಬಿಸಿಲೇರಿತ್ತು. ಅತ್ತೆ ಚಹಾ ಹಿಡಿದು ನಿಂತಿದ್ದಳು.

"ಯಾಕೆ ಎಬ್ಬಿಸಲಿಲ್ಲ ಅತ್ತೆ?"

"ಮಲಕ್ಕೋ ಮಗಾ. ನಿನ್ನ ದಣಿವು ನಂಗೆ ಕಾಣೂದಿಲ್ವಾ? ಕೆಲಸವೆಲ್ಲ ಮುಗಿಸಿದೆ. ಮರಳು ಹತ್ತಿದ್ದ ನಿನ್ನ ಬಲೆಯನ್ನೂ ತಿಕ್ಕಿ ತೊಳೆದು ಬಿಸಿಲಿಗೆ ಹಾಕಿ ಬಂದೆ."