ಎರಡನೆಯ ಡ್ಯಾಕ್

ಮಗಳು ಹೃದಯಾಘಾತದಿಂದ ತೀರಿಕೊಂಡು ವರ್ಷವಾಗಿತ್ತು. ತೀರಿಕೊಳ್ಳುವ ಹಿಂದಿನ ವಾರ ಅವಳು ಹಾಡಿದ್ದನ್ನು ಅಪ್ಪ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಮನೆಯ ಸ್ಟೀರಿಯೋದಲ್ಲಿ ಅವಳ ದನಿ ಮಸುಕಾಗಿ ಕೇಳಿಸುತ್ತಿತ್ತು. ಕಂಪ್ಯೂಟರಿಗೂ ಸ್ಟೀರಿಯೋಗೂ ನಡುವೆ ಒಳ್ಳೆಯ ಡ್ಯಾಕ್ ಪೆಟ್ಟಿಗೆಯೊಂದನ್ನು ಜೋಡಿಸಿದರೆ ದನಿ ತಿಳಿಯಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ಅಂಗಡಿಗೆ ಬಂದಿದ್ದ.

ಅಂಗಡಿಯವನು ಅವನಿಗೆ ಹೆಡ್‌ಫೋನ್ ಕೊಟ್ಟು, ಅವನು ಪೆನ್‌ಡ್ರೈವ್‌ನಲ್ಲಿ ತಂದಿದ್ದ ಮಗಳ ಹಾಡನ್ನು ಮೊದಲ ಡ್ಯಾಕ್‌ನಲ್ಲಿ ಹಾಕಿದ. ಅಪ್ಪ ಸುಮ್ಮನೆ ತಲೆಯಾಡಿಸಿದ.

"ಈಗ ಇದನ್ನ ಕೇಳಿ ಸಾರ್. ನಮ್ಮಲ್ಲಿರೋದ್ರಲ್ಲಿ ಇದೇ ಬೆಸ್ಟು. ಸಣ್ಣ ಸದ್ದೂ ಬಿಟ್ಟುಹೋಗಲ್ಲ."

ಹಾಡು ಅದೇ. ಪಲ್ಲವಿ ಮುಗಿದಾಗ ಅಪ್ಪನದೇ ದನಿ ಬಂತು: "ಇನ್ನೊಂದ್ಸಲ ಹಾಡು ಪುಟ್ಟೀ." ಅದು ಮನೆಯಲ್ಲೂ ಕೇಳಿಸುತ್ತಿತ್ತು. ಅದರ ಬೆನ್ನಿಗೇ, ಇದುವರೆಗೆ ಒಮ್ಮೆಯೂ ಕೇಳಿಸದಿದ್ದ ಮಗಳ ಪಿಸುದನಿ: "ಅಪ್ಪಾ, ಎದೆ ನೋಯ್ತಿದೆ."

ಆಮೇಲೆ ಅವಳು ಮತ್ತೆ ಮೊದಲಿನಿಂದ ಹಾಡತೊಡಗಿದಳು. ಹಾಡು ಪೂರ್ತಿ ಮುಗಿದ ಮೇಲೆ ಅವನು ಹೆಡ್‌ಫೋನ್ ತೆಗೆದ.

"ವ್ಯತ್ಯಾಸ ಗೊತ್ತಾಯ್ತಾ ಸಾರ್?"

"ಗೊತ್ತಾಯ್ತು."

"ಹಾಗಾದ್ರೆ ಇದನ್ನೇ ಪ್ಯಾಕ್ ಮಾಡ್ಲಾ?"

"ಬೇಡ, ಮೊದಲನೇದೇ ಕೊಡಿ. ಮನೇಲಿ ಈ ಹಾಡನ್ನ ದಿನಾ ಕೇಳೋದು ಅವಳಮ್ಮ."