ಬಣ್ಣ ತೆಗೆಯುವ ಮುಂಚೆ

ಹಳೆಯ ಸಂಸ್ಕೃತ ನಾಟಕಗಳನ್ನು ಕನ್ನಡಕ್ಕೆ ತಂದು ಹಳ್ಳಿಯ ಶಾಲೆಗಳಲ್ಲಿ ಆಡುವ ತಂಡ ನಮ್ಮದು. ಅಂದು ಆಟ ಮುಗಿದು, ರಾಜನ ವೇಷದಲ್ಲೇ ತರಗತಿಯ ಕೋಣೆಗೆ ಬಂದು ಬಣ್ಣ ತೆಗೆಯಲು ಕೊಬ್ಬರಿಎಣ್ಣೆ ಹುಡುಕುತ್ತಿದ್ದೆ. ಯುವರಾಜನ ಪಾತ್ರ ಮಾಡುವ ನನ್ನ ಮಗಳು ಪಕ್ಕದಲ್ಲಿ ಕೂತು ಅಂಟಿಸಿದ ಮೀಸೆ ಕೀಳುತ್ತಿದ್ದಳು. ಏಳನೇ ತರಗತಿಗೇ ಶಾಲೆ ಬಿಟ್ಟು, ಎರಡು ವರ್ಷದಿಂದ ಅವಳೂ ನನ್ನ ಜೊತೆ ಊರೂರು ಸುತ್ತುತ್ತಿದ್ದಳು.

ಆ ಶಾಲೆಯ ಹುಡುಗಿಯೊಬ್ಬಳು ಓಡಿಬಂದು ನನ್ನ ಕಾಲು ಹಿಡಿದಳು.

"ಕಿರೀಟ ತೆಗೀಬ್ಯಾಡ್ರಿ! ನಮ್ಮಪ್ಪ ನಾಳಿಂದ ನನ್ನ ಸಾಲಿ ಬಿಡಸ್ತಾನ. ನೀವು ಹೇಳಿದ್ರ ಕೇಳ್ತಾನ."

"ನಾ ಬರೇ ನಟ, ತಂಗಿ."

"ಬಣ್ಣ ಇರೂತನಕ ಅಲ್ರಿ. ವೇಷದಾಗ ಇದ್ದವ್ರ ಮಾತು ನಮ್ಮೂರಾಗ ಯಾರೂ ಮೀರಂಗಿಲ್ಲ."

ಅವಳನ್ನು ಹುಡುಕುತ್ತ ಬಂದ ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಎದ್ದು ಕಿರೀಟ ಸರಿಮಾಡಿಕೊಂಡು, ರಂಗದ ಮೇಲಿನ ದನಿಯಲ್ಲೇ ಅವನಿಗೆ ಹೇಳಿದೆ.

"ಈ ಮಗುವಿನ ವಿದ್ಯೆಗೆ ಅಡ್ಡ ಬರಬೇಡ. ಇದು ನಮ್ಮ ಅಪ್ಪಣೆ."

"ಮನ್ಯಾಗ ಸಣ್ಣ ಕೂಸು ಐತ್ರಿ. ಇಕಿ ಸಾಲಿಗೆ ಹೋದ್ರ ನೋಡೋರು ಯಾರು?"

ನಾನು ರಾಜನ ಗತ್ತಿನಲ್ಲೇ ಅವನತ್ತ ಒಂದು ಹೆಜ್ಜೆ ಇಟ್ಟೆ. ಅವನು ಕಿರೀಟ ನೋಡಿದ, ನೆಲ ನೋಡಿದ, ಕೊನೆಗೆ ಹೆಗಲ ಮೇಲಿನ ಟವೆಲ್ ಇಳಿಸಿ ಕೈಮುಗಿದ.

"ಆತ್ರಿ, ಪ್ರಭು. ಓದಸ್ತೀನಿ."

ಅವರಿಬ್ಬರೂ ಹೋದ ಮೇಲೆ ಕಿರೀಟಕ್ಕೆ ಕೈ ಹಾಕಿದೆ. ನನ್ನ ಮಗಳು ಎದ್ದು ಬಂದು ನನ್ನೆದುರು ಮಂಡಿಯೂರಿದಳು.

"ತಡೀರಿ, ಪ್ರಭು. ನಮ್ಮಪ್ಪಗೂ ಒಂದ್ ಮಾತು ಹೇಳ್ರಿ."